ಬೂರುಗದ ಬೇರಲ್ಲಿ ಕೂತ ಅಜ್ಜಿ

ಲಾಲ್‌ಬಾಗ್‌ನ ಆ ದೊಡ್ಡ ಬೂರುಗದ ಮರ ನೋಡಿದ್ದೀರಲ್ವಾ? ಬೇರುಗಳು ಗೋಡೆ ಥರ ಎದ್ದು ನಿಂತಿವೆ. ಅಕ್ಕನ ಮಗಳಿಗೆ ಒಂದು ಕಥೆ ಬರೆದಿದ್ದೆ, ಚಿತ್ರವನ್ನೂ ನಾನೇ ಬರೆಯಬೇಕು ಅಂತ ಹಟ ಹಿಡಿದು ನಾಲ್ಕು ಭಾನುವಾರ ಆ ಮರದ ಮುಂದೆ ಕೂತೆ.

ಇದರಲ್ಲಿ ನನ್ನ ಗುರು, ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಇಂಗ್ಲಿಷ್ ಕಲಾವಿದ ಆರ್ಥರ್ ರಾಕಮ್ (1867–1939). ಲಂಡನ್ನಿನಲ್ಲಿ ವಿಮೆ ಆಫೀಸಿನ ಗುಮಾಸ್ತರಾಗಿದ್ದುಕೊಂಡೇ ಸಂಜೆ ಹೊತ್ತು ಚಿತ್ರ ಕಲಿತವರು. 1906ರಲ್ಲಿ ಅವರ ಚಿತ್ರಗಳಿದ್ದ ಪೀಟರ್ ಪ್ಯಾನ್ ಪುಸ್ತಕ ಬಂತು. ಅದರಲ್ಲಿ ಕೆನ್ಸಿಂಗ್ಟನ್ ಗಾರ್ಡನ್ಸ್ ಅನ್ನೋ ನಿಜವಾದ ಪಾರ್ಕಿನ ಮರಗಳ ಬುಡದಲ್ಲೇ ಕಿನ್ನರಿಯರನ್ನು ಕೂರಿಸಿದ್ದಾರೆ. ಅದನ್ನು ನೋಡಿಯೇ ನನಗೆ ಲಾಲ್‌ಬಾಗ್ ಹೊಳೆದದ್ದು.

ಅವರು ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಮೇಲೆ ಇಂಕಿನ ಗೆರೆ ಎಳೆದು, ಪೆನ್ಸಿಲ್ ಅಳಿಸಿ, ಆಮೇಲೆ ತೀರಾ ತೆಳುವಾದ ಜಲವರ್ಣವನ್ನು ಪದರದ ಮೇಲೆ ಪದರ ಹಾಕುತ್ತಿದ್ದರು. ಮೂರು ಬಣ್ಣಗಳನ್ನು ಒಂದರ ಮೇಲೊಂದು ಅಚ್ಚು ಹಾಕುವ ಮುದ್ರಣ ಆಗಿನ್ನೂ ಹೊಸದು. ಬಣ್ಣದ ಚಿತ್ರವನ್ನು ನುಣುಪು ಕಾಗದದಲ್ಲಿ ಬೇರೆಯಾಗಿ ಅಚ್ಚು ಹಾಕಿ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಗೆರೆ ಗಟ್ಟಿಯಾಗಿದ್ದರೆ ಬಣ್ಣ ಸ್ವಲ್ಪ ಆಚೀಚೆ ಆದರೂ ಆಕಾರ ಕೆಡುವುದಿಲ್ಲ.

ನಾನು ಮೊದಲ ಸಲ ಸುಮ್ನೆ ಮನೆಯಲ್ಲಿದ್ದ ಫೌಂಟನ್ ಪೆನ್ ಇಂಕನ್ನೇ ಬಳಸಿದೆ. ಒದ್ದೆ ಬ್ರಷ್ ತಾಗಿದ್ದೇ ತಡ, ಎರಡು ಗಂಟೆ ಕೂತು ಎಳೆದ ಗೆರೆಯೆಲ್ಲ ಕದಡಿಹೋಯಿತು. ಅಳುವೇ ಬಂತು. ಮಾರನೇ ದಿನ ಅವೆನ್ಯೂ ರೋಡಿಗೆ ಹೋಗಿ ವಾಟರ್‌ಪ್ರೂಫ್ ಇಂಡಿಯನ್ ಇಂಕು, ನಿಬ್ಬು, ಜಲವರ್ಣಕ್ಕೆ ಬೇಕಾದ ದಪ್ಪ ಕಾಗದ (300 ಜಿಎಸ್‌ಎಂ) ತಂದೆ.

ನಿಜವಾದ ಕಷ್ಟ ಮರಕ್ಕೆ ಜೀವ ಕೊಡುವುದರಲ್ಲಿತ್ತು. ಒಂದು ಬೇರು ಅಜ್ಜಿ ಮಂಡಿ ಮಡಚಿ ಕೂತ ಹಾಗೆ ಕಾಣುತ್ತಿತ್ತು. ಅದಕ್ಕೆ ಕಣ್ಣು, ಮೂಗು ಬರೆದೆ, ತಂದು ಅಂಟಿಸಿದ ಹಾಗಾಯಿತು. ಮತ್ತೆ ರಾಕಮ್ ಮರಗಳನ್ನು ಹತ್ತಿರದಿಂದ ನೋಡಿದೆ. ಗಂಟು, ಪೊಟರೆ, ತೊಗಟೆಯ ಸುಕ್ಕು ಎಲ್ಲಿ ಮುಗಿಯಿತು, ಮುಖ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಆಮೇಲೆ ನಾನೂ ಹೊಸದಾಗಿ ಏನನ್ನೂ ಸೇರಿಸಲಿಲ್ಲ, ತೊಗಟೆಯಲ್ಲಿ ಇದ್ದ ಎರಡು ಮಡಿಕೆಗಳ ಮೇಲೆ ಮಾತ್ರ ನಿಬ್ಬನ್ನು ಸ್ವಲ್ಪ ಒತ್ತಿ ಎಳೆದೆ. ಅಜ್ಜಿ ಬಂದಳು!

ಬಣ್ಣ ನೀರು ಜಾಸ್ತಿಯಾದ ಟೀ ಥರ ಇರಬೇಕು. ಕಂದು, ಬೂದಿ, ಒಂಚೂರು ಹಸಿರು. ಕೆಂಪು ಮಾತ್ರ ಕಥೆಯ ಹುಡುಗಿಯ ಲಂಗಕ್ಕೆ ಉಳಿಸಿಕೊಂಡೆ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕಲೇಬಾರದು. ನಮ್ಮ ಮಳೆಗಾಲದಲ್ಲಿ ಅದಕ್ಕೆ ಅರ್ಧ ಗಂಟೆಯೂ ಸಾಲುವುದಿಲ್ಲ.

ಚಿತ್ರ ನೋಡಿ ಪುಟ್ಟಿ ಕೇಳಿದ್ದು ಒಂದೇ: "ಚಿಕ್ಕಿ, ಈ ಅಜ್ಜಿಗೆ ಕಾಲು ನೋಯಲ್ವಾ?"

ಇದಕ್ಕೆ ಏಳು ಪದರ ಹಾಕಿದ್ದೆ, ಗೆರೆ ಸ್ವಲ್ಪ ಮಂಕಾಗಿದೆ. ಮುಂದಿನದಕ್ಕೆ ಐದಕ್ಕೇ ನಿಲ್ಲಿಸುತ್ತೇನೆ.