ಕ್ಯಾಲಿಫೋರ್ನಿಯಾದಲ್ಲಿ ಪದವಿಯ ಮೊದಲೆರಡು ವರ್ಷಗಳ ಖರ್ಚು

ಮಕ್ಕಳ ಪದವಿ ಶಿಕ್ಷಣದ ಖರ್ಚಿನ ಬಗ್ಗೆ ಯೋಚಿಸುತ್ತಿರುವ ಇಲ್ಲಿನ ಕನ್ನಡ ಕುಟುಂಬಗಳು ಕಮ್ಯುನಿಟಿ ಕಾಲೇಜನ್ನು (ಪದವಿಯ ಮೊದಲೆರಡು ವರ್ಷ ಓದಿ, ನಂತರ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಬಹುದಾದ ಸರ್ಕಾರಿ ಕಾಲೇಜು) ಎರಡನೇ ದರ್ಜೆಯದೆಂದು ತಳ್ಳಿಹಾಕಬಾರದೆಂಬುದು ನನ್ನ ಕೋರಿಕೆ. ರಾಜ್ಯದ ನಿವಾಸಿಗಳಿಗೆ ಅಲ್ಲಿ ಕೋರ್ಸಿನ ಗಾತ್ರದ ಅಳತೆಯಾದ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ ಶುಲ್ಕವಿದ್ದು, ವರ್ಗಾವಣೆಗೆ ಬೇಕಾದ 60 ಯೂನಿಟ್‌ಗಳಿಗೆ ಒಟ್ಟು 2,760 ಡಾಲರ್ ಆಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವರ್ಷದ ಬೋಧನಾ ಮತ್ತು ಕಡ್ಡಾಯ ಶುಲ್ಕ 14,000 ಡಾಲರ್ ದಾಟುತ್ತದೆ. ಪುಸ್ತಕ, ಓಡಾಟದ ಖರ್ಚು ಬೇರೆ.

ಆದರೆ ಉಳಿತಾಯ ಕೈಗೆ ಹತ್ತುವುದು ವಿಷಯಗಳ ಆಯ್ಕೆ ಸರಿಯಿದ್ದಾಗ ಮಾತ್ರ. ಯಾವ ಕಾಲೇಜಿನ ಯಾವ ಕೋರ್ಸನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂಬುದನ್ನು 'ಅಸಿಸ್ಟ್' ಜಾಲತಾಣದಲ್ಲಿ ನೋಡಿ, ನಿಮ್ಮ ಮುಖ್ಯ ವಿಷಯದ ಪುಟವನ್ನು ಮೊದಲ ಸೆಮಿಸ್ಟರ್‌ಗೆ ಮುಂಚೆಯೇ ಮುದ್ರಿಸಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಆ ಹಾಳೆ ಫ್ರಿಜ್ಜಿನ ಬಾಗಿಲ ಮೇಲಿತ್ತು. ಮುಗಿದ ಕೋರ್ಸುಗಳ ಮೇಲೆ ಮಗಳು ಗೀಟು ಹಾಕುತ್ತಿದ್ದಳು. ಗಣಿತದ ಸರಣಿಯನ್ನು ತಡವಾಗಿ ಆರಂಭಿಸಿದರೆ ಇಂಜಿನಿಯರಿಂಗ್‌ ಬಯಸುವವರಿಗೆ ಮೂರನೇ ವರ್ಷವೂ ಅಲ್ಲೇ ಕಳೆಯಬೇಕಾಗಿ ಬರಬಹುದು.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಕ್ಯಾಂಪಸ್‌ಗಳು ಅರ್ಹತೆ ಪೂರೈಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಪ್ರವೇಶದ ಖಾತರಿ ಕೊಡುತ್ತವೆ. ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಕೊಡುವುದಿಲ್ಲ. ಖಾತರಿಯನ್ನು ಒಂದೇ ಕ್ಯಾಂಪಸ್‌ಗೆ, ಸೆಪ್ಟೆಂಬರ್ ತಿಂಗಳಲ್ಲೇ ಕೇಳಬೇಕು, ಅದರ ಜೊತೆಗೆ ಮಾಮೂಲಿ ಪ್ರವೇಶ ಅರ್ಜಿಯನ್ನೂ ಸಲ್ಲಿಸಬೇಕು. ಕೆಲವು ವಿಭಾಗಗಳಿಗೆ ಈ ಖಾತರಿ ಅನ್ವಯಿಸುವುದಿಲ್ಲವಾದ್ದರಿಂದ, ಆಯಾ ವರ್ಷದ ನಿಯಮಗಳನ್ನು ಕಾಲೇಜಿನ ವರ್ಗಾವಣೆ ಸಲಹೆಗಾರರೊಂದಿಗೆ ಕುಳಿತು ಓದಿ ನೋಡಿ.