ಬೆಳಗಿನ ಪಾಳಿಗೆ ಪುಟಾಣಿ-ಶೇಂಗಾದ ತಣ್ಣನೆ ಕಾಫಿ

ಬೆಳಿಗ್ಗೆ 7 ಗಂಟೆಗೆ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಇರಬೇಕು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಅಷ್ಟೊತ್ತಿಗೆ ಬೆಂಚಿನ ಮೇಲೆ ಕೂತಿರುತ್ತಾರೆ. ವಿಜಯಪುರದ ಏಪ್ರಿಲ್‌ ತಿಂಗಳು ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಆ ಸೆಕೆಯಲ್ಲಿ ಒಲೆ ಮುಂದೆ ನಿಂತು ರೊಟ್ಟಿ ಬಡಿದು, ತಿಂದು ಹೊರಡುವುದು ನನ್ನಿಂದ ಆಗುತ್ತಿರಲಿಲ್ಲ. ಎಷ್ಟೋ ವರ್ಷ ನನ್ನ ನಾಷ್ಟಾ ಅಂದರೆ ಒಂದು ಕಪ್ ಚಹಾ, ನಾಲ್ಕು ಬಿಸ್ಕಿಟ್.

ಮೂರು ವರ್ಷದ ಹಿಂದೆ ಒಬ್ಬ ಅಜ್ಜಿಯ ಕೈಯಿಂದ ರಕ್ತ ತೆಗೆಯುತ್ತಿದ್ದಾಗ ನನಗೇ ಕಣ್ಣಿಗೆ ಕತ್ತಲೆ ಬಂತು. ಸೂಜಿ ತೆಗೆದು ಹತ್ತಿ ಒತ್ತಿದ್ದು ನೆನಪಿದೆ, ಆಮೇಲೆ ಅಲ್ಲೇ ಕುಸಿದು ಕೂತೆ. ಅಜ್ಜಿ ತಮ್ಮ ಚೀಲದಿಂದ ಬಾಟಲಿ ತೆಗೆದು ನನಗೆ ನೀರು ಕುಡಿಸಿದರು. ರಾತ್ರಿಯಿಂದ ಏನೂ ತಿನ್ನದೆ ಬಂದವರು ಅವರು. ಅವತ್ತಿನಿಂದ ಹೊಟ್ಟೆಗೆ ಸರಿಯಾಗಿ ಏನಾದರೂ ಹಾಕದೆ ನಾನು ಮನೆ ಬಿಟ್ಟಿಲ್ಲ.

ಈಗ ನಾನು ಕುಡಿಯುವುದು ಇದು: ತಣ್ಣನೆ ಹಾಲು, ಕಾಫಿ ಐಸ್, ಪುಟಾಣಿ-ಶೇಂಗಾ ಪುಡಿ. ಬೆಳಿಗ್ಗೆ ಐದಾರು ನಿಮಿಷದ ಕೆಲಸ. ಆದರೆ ಅದಕ್ಕೆ ತಯಾರಿ ಹಿಂದಿನ ದಿನವೇ ಆಗಿರಬೇಕು.

ಮೊದಲು ಪುಡಿ. ನಾನು ಭಾನುವಾರ ಮಾಡಿಡುತ್ತೇನೆ. ಪುಟಾಣಿ 250 ಗ್ರಾಂ, ಶೇಂಗಾ 150 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 150 ಗ್ರಾಂ. ಒಟ್ಟು 550 ಗ್ರಾಂ, ಅಂದರೆ 55 ಗ್ರಾಂ ಲೆಕ್ಕದಲ್ಲಿ ಹತ್ತು ದಿನಕ್ಕೆ ಆಯ್ತು. ಬೆಂಗಳೂರು, ಮೈಸೂರು ಕಡೆಯವರು ಹುರಿಗಡಲೆ ಅನ್ನುವುದೇ ನಮ್ಮ ಪುಟಾಣಿ. ಇದರ ಬದಲು ಕಡಲೆ ಹಿಟ್ಟು ಮಾತ್ರ ಹಾಕಬೇಡಿ. ಅದು ಹಸಿ ಬೇಳೆಯ ಹಿಟ್ಟು, ಬೇಯಿಸದೆ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ.

ಶೇಂಗಾ ಹುರಿಯುವುದರಲ್ಲಿ ಅವಸರ ಬೇಡ. ಸಣ್ಣ ಉರಿ, ದಪ್ಪ ತಳದ ಬಾಣಲೆ, ಕೈ ಬಿಡದೆ ಆಡಿಸಬೇಕು. ಸಿಪ್ಪೆ ಚಟಪಟ ಅಂದು ಬಿರಿದು, ಒಳಗಿನ ಕಾಳು ಅಲ್ಲಲ್ಲಿ ಕೆಂಪಾದರೆ ಸಾಕು. ಸ್ವಲ್ಪ ಜಾಸ್ತಿ ಹುರಿದರೂ ಕಹಿ ಬರುತ್ತದೆ. ಕಾಫಿಯ ಕಹಿ ಬೇರೆ ಇರುತ್ತಲ್ವಾ, ಎರಡೂ ಸೇರಿದರೆ ಕುಡಿಯಲು ಆಗುವುದಿಲ್ಲ. ಹುರಿದದ್ದನ್ನು ಪೂರ್ತಿ ಆರಲು ಬಿಡಿ. ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆದು ಮೊರದಲ್ಲಿ ಕೇರಿ. ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅದಕ್ಕೇ ನಾನು ಶೇಂಗಾ ಒಂದನ್ನೇ ಯಾವತ್ತೂ ರುಬ್ಬುವುದಿಲ್ಲ. ಮೊದಲು ಪುಟಾಣಿಯನ್ನು ನುಣ್ಣಗೆ ಮಾಡಿಕೊಂಡು, ಶೇಂಗಾವನ್ನು ಅದರ ಜೊತೆ ಸೇರಿಸಿ, ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸುತ್ತೇನೆ. ಪುಟಾಣಿ ಹಿಟ್ಟು ಆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಜರಡಿ ಹಿಡಿದು, ಹಾಲಿನ ಪುಡಿ ಕಲಸಿ, ಒಣಗಿದ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಇಡಿ. ನಮ್ಮ ಬಿಸಿಲಿಗೆ ಶೇಂಗಾ ಪುಡಿ ಹೊರಗಿದ್ದರೆ ಬೇಗ ಕಮಟು ವಾಸನೆ ಹಿಡಿಯುತ್ತದೆ.

ಮೊದಲ ಸಲ ನಾನು ಇದನ್ನು ಮಾಡುವಾಗ ಅತ್ತೆಗೆ ಒಪ್ಪಿಗೆ ಇರಲಿಲ್ಲ. ‘ಹಾಲಿನಾಗ ಶೇಂಗಾ ಹಾಕ್ತಾರೇನ ಯವ್ವಾ? ಮಜ್ಜಿಗಿ ಜೋಡಿ ರೊಟ್ಟಿ ತಿಂದು ಹೋಗು’ ಅಂದರು. ರೊಟ್ಟಿ ತಿನ್ನಲು ಹೊತ್ತಿಲ್ಲ ಎಂದು ಅವರಿಗೂ ಗೊತ್ತಿತ್ತು. ಈಗ ಭಾನುವಾರ ಶೇಂಗಾ ಹುರಿಯುವುದು ಅವರೇ. ದಿನಾ ಶೇಂಗಾ ಹಿಂಡಿ ಮಾಡಿ ಪಳಗಿದ ಕೈ, ವಾಸನೆಯಲ್ಲೇ ಹದ ಹೇಳುತ್ತಾರೆ. ಅಂದಹಾಗೆ, ಗುರೆಳ್ಳು ಹಾಕಿಯೂ ಒಂದು ಸಲ ನೋಡಿದೆವು. ಅದರ ಘಾಟು ಕಾಫಿಯ ಪರಿಮಳವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಗುರೆಳ್ಳು ರೊಟ್ಟಿಗೇ ಇರಲಿ.

ಇನ್ನು ಕಾಫಿ. ನಮ್ಮದು ಚಹಾದ ಊರು. ನಾನು ಕಾಫಿ ಕಲಿತದ್ದು ಹಾಸನದಲ್ಲಿ, ಮೊದಲ ಕೆಲಸದ ಎರಡು ವರ್ಷದಲ್ಲಿ. ಚಿಕ್ಕಮಗಳೂರು, ಕೊಡಗು, ಹಾಸನ ಮೂರೂ ಕಾಫಿ ಬೆಳೆಯುವ ಜಿಲ್ಲೆಗಳು. ಅಲ್ಲಿದ್ದು ಬಂದ ಮೇಲೆ ಬೆಳಿಗ್ಗೆ ಕಾಫಿ ವಾಸನೆ ಬರದಿದ್ದರೆ ನನಗೆ ಎಚ್ಚರವೇ ಆಗುವುದಿಲ್ಲ.

ಕಾಫಿ ತಣ್ಣಗಾಗಲಿ ಎಂದು ನೀರಿನ ಐಸ್ ಹಾಕಿದರೆ ಅರ್ಧ ಲೋಟ ಮುಗಿಯುವಷ್ಟರಲ್ಲಿ ಅದು ಸಪ್ಪೆ ನೀರು. ಕಾಫಿಯನ್ನೇ ಐಸ್ ಮಾಡಿದರೆ ಈ ಸಮಸ್ಯೆ ಇಲ್ಲ, ಕರಗಿದಷ್ಟೂ ಕಾಫಿಯೇ. 250 ಮಿಲಿ ಕುದಿಯುವ ನೀರಿಗೆ ಇನ್‌ಸ್ಟಂಟ್ ಕಾಫಿ ಪುಡಿ 6 ಟೀ ಚಮಚ ಹಾಕಿ ಕಲಸಿ. ಸಿಹಿ ಬೇಕಿದ್ದರೆ ಈ ಬಿಸಿಯಲ್ಲೇ ಬೆಲ್ಲ ಹಾಕಬೇಕು, ಯಾಕೆಂದರೆ ಬೆಳಿಗ್ಗೆ ತಣ್ಣನೆ ಹಾಲಿನಲ್ಲಿ ಅದು ಕರಗುವುದಿಲ್ಲ. ನಾನು ಮಹಾಲಿಂಗಪುರದ ಬೆಲ್ಲ 30 ಗ್ರಾಂ ಹಾಕುತ್ತೇನೆ. ಕಸ ಇರುತ್ತದೆ, ಸೋಸಿಕೊಳ್ಳಿ. ಆರಿದ ಮೇಲೆ ಐಸ್ ಟ್ರೇಗೆ ಹಾಕಿ ಫ್ರೀಜರಿಗೆ. ನಮ್ಮನೆ ಟ್ರೇಯಲ್ಲಿ 14 ತುಂಡು ಆಗುತ್ತವೆ. ದಿನಕ್ಕೆ 5 ತುಂಡು, ಹೆಚ್ಚು ಕಡಿಮೆ ಮೂರು ದಿನಕ್ಕೆ ಬರುತ್ತದೆ. ಮನೆಯಲ್ಲಿ ಫಿಲ್ಟರ್ ಇದ್ದರೆ ಗಟ್ಟಿ ಡಿಕಾಕ್ಷನ್ನಿನಲ್ಲೇ ಮಾಡಿ, ರುಚಿ ಇನ್ನೂ ಚಂದ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಪೂರ್ತಿ ಬಿಡಬೇಕು.

ಬೆಳಿಗ್ಗೆ ಎದ್ದ ಕೂಡಲೇ 200 ಮಿಲಿ ಹಾಲು ಮಿಕ್ಸಿ ಜಾರಿಗೆ ಹಾಕಿ. ರಾತ್ರಿ ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿ ಇಟ್ಟ ಹಾಲು. ಕೆನೆಯನ್ನು ಮರೆಯದೆ ತೆಗೆಯಿರಿ. ಐಸ್ ಜೊತೆ ಕೆನೆ ತಿರುಗಿದರೆ ಬೆಣ್ಣೆ ಬಂದು, ಬಾಯಿಗೆ ಸಣ್ಣ ಸಣ್ಣ ಕಾಳು ಸಿಗುತ್ತದೆ. ಹಾಲಿನ ಮೇಲೆ 55 ಗ್ರಾಂ ಪುಡಿ, ಚಿಟಿಕೆ ಉಪ್ಪು. ಒಂದು ಸಲ ತಕ್ಕಡಿಯಲ್ಲಿ ತೂಗಿ ನೋಡಿ, ನಿಮ್ಮ ಮನೆಯ ಚಮಚದಲ್ಲಿ ಎಷ್ಟು ಎಂದು ಗೊತ್ತಾಗುತ್ತದೆ. ನಮ್ಮ ಊಟದ ಚಮಚದಲ್ಲಿ ತುಂಬಿ ಐದು. ಹಾಲು ಕೆಳಗೆ, ಪುಡಿ ಮೇಲೆ ಇರಬೇಕು. ಪುಡಿ ಮೊದಲು ಹಾಕಿದರೆ ತಳ ಹಿಡಿದು ಬ್ಲೇಡಿಗೆ ಸಿಗುವುದಿಲ್ಲ. ಒಂದು ಸುತ್ತು ತಿರುಗಿಸಿ ಐದು ನಿಮಿಷ ಬಿಡಿ. ನಾನು ಅಷ್ಟರಲ್ಲಿ ಜಡೆ ಹಾಕಿಕೊಳ್ಳುತ್ತೇನೆ. ಪುಟಾಣಿ ಹಾಲು ಕುಡಿದು ಮೆತ್ತಗಾಗುತ್ತದೆ, ನಾಲಿಗೆಗೆ ಹಿಟ್ಟು ಹಿಟ್ಟು ಅನ್ನಿಸುವುದಿಲ್ಲ. ಆಮೇಲೆ 5 ತುಂಡು ಕಾಫಿ ಐಸ್ ಹಾಕಿ, ಗರಗರ ಸದ್ದು ನಿಲ್ಲುವವರೆಗೆ ತಿರುಗಿಸಿ. ಮೇಲೆ ಒಳ್ಳೆ ನೊರೆ ಬರುತ್ತದೆ. ಕೂಡಲೇ ಕುಡಿಯಿರಿ. ಅರ್ಧ ಗಂಟೆ ಬಿಟ್ಟರೆ ಅಂಬಲಿಯ ಹಾಗೆ ಗಟ್ಟಿಯಾಗುತ್ತದೆ.

ಕರೆಂಟ್ ಇಲ್ಲದ ದಿನ? ಬೇಸಿಗೆಯಲ್ಲಿ ಅದೂ ಇದ್ದದ್ದೇ. ದೊಡ್ಡ ತಂಬಿಗೆಯಲ್ಲಿ ಹಾಲು, ಪುಡಿ ಹಾಕಿ ಕಡಗೋಲಿನಿಂದ ಕಡೆಯಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ ಹಾಕಿ. ನೊರೆ ಕಡಿಮೆ, ರುಚಿ ಅದೇ.

ಪ್ರೋಟೀನ್ ಲೆಕ್ಕ ಹೇಳುತ್ತೇನೆ. 200 ಮಿಲಿ ಹಾಲಿನಲ್ಲಿ ಸುಮಾರು 6 ಗ್ರಾಂ, 25 ಗ್ರಾಂ ಪುಟಾಣಿಯಲ್ಲಿ 5, 15 ಗ್ರಾಂ ಶೇಂಗಾದಲ್ಲಿ ಹತ್ತಿರ ಹತ್ತಿರ 4, ಹಾಲಿನ ಪುಡಿಯಲ್ಲಿ 5. ಒಟ್ಟು ಸುಮಾರು 20 ಗ್ರಾಂ, ಮೂರು ಮೊಟ್ಟೆಗಿಂತ ಸ್ವಲ್ಪ ಜಾಸ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ನನ್ನ ತೂಕ 60 ಕಿಲೋ, ನನಗೆ ಬೇಕಾದದ್ದು ಸುಮಾರು 50 ಗ್ರಾಂ. ಅದರಲ್ಲಿ ಐದನೇ ಎರಡು ಭಾಗ ಬೆಳಿಗ್ಗೆಯೇ ಮುಗಿಯಿತು. ಪ್ರೋಟೀನ್ ಅಂದ ಕೂಡಲೇ ದುಬಾರಿ ಡಬ್ಬಿ ಕೊಳ್ಳಬೇಕು ಎಂದು ಎಷ್ಟೋ ಜನ ಹಿಂದೆ ಸರಿಯುತ್ತಾರೆ. ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಅದು ಇದೆ.

ಜಿಮ್‌ಗೆ ಹೋಗುವ ನನ್ನ ತಮ್ಮ ವೇ ಪ್ರೋಟೀನ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ, ಹಾಕಿಕೊಳ್ಳುತ್ತಾನೆ. ಅದೂ ತಪ್ಪಲ್ಲ. ಹಾಗೆ ಮಾಡುವವರು ಹಾಲಿನ ಪುಡಿ, ಶೇಂಗಾ ಬಿಟ್ಟು ಒಂದು ಸ್ಕೂಪ್ ಹಾಕಿದರೆ ಸಾಕು. ಕಾಫಿ ಬಿಸಿ ಇದ್ದಾಗ ಮಾತ್ರ ಹಾಕಬಾರದು, ಬಿಸಿಗೆ ವೇ ಗಂಟುಗಂಟಾಗುತ್ತದೆ.

ಲ್ಯಾಬಿನಲ್ಲಿ ಕೂತು ನೋಡಿದ್ದರಿಂದ ಕೆಲವು ಮಾತು ಹೇಳಲೇಬೇಕು. ಹಿಮೋಗ್ಲೋಬಿನ್ ಕಡಿಮೆ ಇರುವ ಹೆಣ್ಣುಮಕ್ಕಳ ರಿಪೋರ್ಟ್ ನನ್ನ ಕೈಯಿಂದ ದಿನಾ ಹೋಗುತ್ತವೆ. ಅವರಲ್ಲಿ ಹಲವರು ಕಬ್ಬಿಣದ ಮಾತ್ರೆಯನ್ನು ಚಹಾ ಇಲ್ಲ ಕಾಫಿ ಜೊತೆಗೇ ನುಂಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ ಅಕ್ಕಾ. ಕಾಫಿ, ಹಾಲು ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಮಾತ್ರೆಗೂ ಈ ಲೋಟಕ್ಕೂ ಎರಡು ಗಂಟೆ ಅಂತರ ಇರಲಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಶೇಂಗಾ ಆಗದವರು ಅದನ್ನು ಬಿಟ್ಟು ಪುಟಾಣಿಯನ್ನೇ ಜಾಸ್ತಿ ಮಾಡಿಕೊಳ್ಳಿ. ಮಕ್ಕಳಿಗೆ ಕಾಫಿ ಬೇಡ. ನನ್ನ ಮಗಳಿಗೆ ಇದೇ ಪುಡಿ, ಇದೇ ಹಾಲು, ಒಂದು ಬಾಳೆಹಣ್ಣು. ಮತ್ತೆ, ಫಾಸ್ಟಿಂಗ್ ರಕ್ತ ಪರೀಕ್ಷೆಗೆ ಬರುವ ದಿನ ಇದನ್ನು ಕುಡಿಯಬೇಡಿ. ಸಕ್ಕರೆ ಹಾಕದ ಕರಿ ಕಾಫಿ ಕೂಡ ಬೇಡ, ನೀರು ಮಾತ್ರ. ರಕ್ತ ಕೊಟ್ಟು ಮನೆಗೆ ಹೋದ ಮೇಲೆ ಮಾಡಿಕೊಂಡು ಕುಡಿಯಿರಿ.

ಜಾರನ್ನು ಮಾತ್ರ ಸಂಜೆಗೆ ಅಂತ ಬಿಡಬೇಡಿ. ಪುಟಾಣಿ ಒಣಗಿ ಬ್ಲೇಡಿನ ಸಂದಿಯಲ್ಲಿ ಹಿಡಿದರೆ ಉಜ್ಜಿ ಉಜ್ಜಿ ಕೈ ನೋಯುತ್ತದೆ. ಅರ್ಧ ಲೋಟ ನೀರು ಹಾಕಿ ಒಂದು ಸುತ್ತು ತಿರುಗಿಸಿ, ಅಷ್ಟೇ. ನಮ್ಮನೆಯಲ್ಲಿ ಆ ನೀರನ್ನು ಅತ್ತೆ ಹಿತ್ತಲಿನ ಕರಿಬೇವಿಗೆ ಹಾಕುತ್ತಾರೆ.