ಮೊದಲ ಒಂದು ಗಂಟೆ: ನಮ್ಮ ಹೆರಿಗೆ ಕೋಣೆಯಲ್ಲಿ ಕಲಿತದ್ದನ್ನು ಪಕ್ಕದ ತಾಲ್ಲೂಕಿಗೆ ದಾಟಿಸಿದ ಅನುಭವ

ಆ ರಾತ್ರಿ ಹುಟ್ಟಿದ ಮಗುವಿನ ತೂಕ ಚೆನ್ನಾಗಿತ್ತು, ಹುಟ್ಟಿದ ಕೂಡಲೇ ಅತ್ತಿತ್ತು, ಹೆರಿಗೆಯೂ ಸುಸೂತ್ರವಾಗಿ ಆಗಿತ್ತು. ಆದರೂ ಒಂದೂವರೆ ಗಂಟೆಯ ನಂತರ ಅಜ್ಜಿ ವಾರ್ಡಿನಿಂದ ಬಂದು, "ಸಿಸ್ಟರ್, ಕೂಸು ಹಾಲು ಚೀಪ್ತಾ ಇಲ್ಲ, ಪಾದ ತಣ್ಣಗಾಗಿದೆ" ಎಂದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 35.8 ಡಿಗ್ರಿ ಸೆಲ್ಸಿಯಸ್. ನವಜಾತ ಶಿಶುವಿಗೆ ಇರಬೇಕಾದದ್ದು 36.5ರಿಂದ 37.5. ಬಟ್ಟೆ ಬಿಚ್ಚಿ ತಾಯಿಯ ಎದೆಗೆ ನೇರವಾಗಿ ಒರಗಿಸಿ, ಮೇಲೆ ಕಂಬಳಿ ಹೊದಿಸಿ, ತಲೆಗೆ ಟೋಪಿ ಹಾಕಿದ ಮೇಲೆ ಮಗು ಬೆಚ್ಚಗಾಗಿ ಹಾಲು ಕುಡಿಯತೊಡಗಿತು. ಮಗುವೇನೋ ಉಳಿಯಿತು, ಆದರೆ ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಕೆಲಸ ವಹಿಸಿಕೊಡುವ ಮುನ್ನ ಹಿಂದಿನ ವಾರದ ಕೇಸ್ ಶೀಟ್‌ಗಳನ್ನು ತಿರುವಿ ಹಾಕಿದಾಗ, ಮಗುವಿನ ತಾಪಮಾನ ಬರೆಯುವ ಜಾಗ ಹೆಚ್ಚಿನವುಗಳಲ್ಲಿ ಖಾಲಿ ಇದ್ದದ್ದು ಕಂಡಿತು. ಬರೆದಿದ್ದ ಕೆಲವುಗಳಲ್ಲಿಯೂ ಒಂದೇ ಅಂಕಿ ಮತ್ತೆ ಮತ್ತೆ ಇತ್ತು. ಅಂದರೆ ನಾವು ಅಳೆಯುತ್ತಲೇ ಇರಲಿಲ್ಲ.

ನಾನು ಮಲೆನಾಡಿನ ಅಂಚಿನ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ಕೋಣೆಯ ಇನ್‌ಚಾರ್ಜ್ ಶುಶ್ರೂಷಾಧಿಕಾರಿ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಣೆಗಾಗಿ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮ ನಮ್ಮಲ್ಲಿಗೂ ಬಂದಿತ್ತು. ದೆಹಲಿಯ ಏಮ್ಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ಸೇರಿ ರೂಪಿಸಿದ ನಾಲ್ಕು ಹೆಜ್ಜೆಗಳ ವಿಧಾನದ ತರಬೇತಿಯನ್ನೂ ನಾನು ಪಡೆದಿದ್ದೆ. ಸಮಸ್ಯೆಯನ್ನು ಗುರುತಿಸಿ ತಂಡ ಕಟ್ಟಿ ಗುರಿಯನ್ನು ಬರೆದುಕೊಳ್ಳುವುದು, ಕಾರಣ ಹುಡುಕಿ ಅಳೆಯುವುದು, ಬದಲಾವಣೆಯನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡುವುದು, ಫಲ ಕೊಟ್ಟದ್ದನ್ನು ಉಳಿಸಿಕೊಳ್ಳುವುದು, ಇವೇ ಆ ನಾಲ್ಕು ಹೆಜ್ಜೆಗಳು. ತರಬೇತಿಯ ಪುಸ್ತಕ ಬೀರುವಿನಲ್ಲಿಯೇ ಇತ್ತು. ಆ ಮಗುವಿನ ನಂತರ ಅದನ್ನು ಹೊರತೆಗೆದೆ.

ಮೊದಲು ಮಾಡಿದ ಕೆಲಸ, ಕೈಗಡಿಯಾರ ಹಿಡಿದು ಒಂದು ಮಗುವನ್ನು ಅದರ ಮೊದಲ ಒಂದು ಗಂಟೆ ಪೂರ್ತಿ ಹಿಂಬಾಲಿಸಿದ್ದು. ಹೆರಿಗೆ ಮೇಜಿನ ನೇರ ಮೇಲೆ ಫ್ಯಾನ್ ತಿರುಗುತ್ತಿತ್ತು. ಒದ್ದೆ ಮೈಯ ಮಗುವನ್ನು ಒರೆಸಿದ ಬಟ್ಟೆಯಲ್ಲಿಯೇ ಮತ್ತೆ ಸುತ್ತಿದೆವು, ಏಕೆಂದರೆ ಎರಡನೆಯ ಬಟ್ಟೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮನೆಯವರ ಚೀಲದಲ್ಲಿತ್ತು. ತೂಕದ ಯಂತ್ರ ಓಣಿಯ ಆ ತುದಿಯಲ್ಲಿತ್ತು, ಅದರ ತಣ್ಣನೆಯ ತಟ್ಟೆಯ ಮೇಲೆ ಮಗುವನ್ನು ಬರಿಮೈಯಲ್ಲಿ ಮಲಗಿಸಿದೆವು. ತಾಯಿಗೆ ಹೊಲಿಗೆ ಹಾಕುವಷ್ಟು ಹೊತ್ತೂ ಮಗು ಅವಳಿಂದ ದೂರವೇ ಇತ್ತು. ಒದ್ದೆ ಮೈಯಿಂದ ನೀರು ಆರುವಾಗ ಶಾಖ ಎಷ್ಟು ಬೇಗ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಪಾಠ. ತಣ್ಣಗಾದ ಮಗು ಮೈ ಬೆಚ್ಚಗಿಟ್ಟುಕೊಳ್ಳಲು ಆಮ್ಲಜನಕವನ್ನೂ ರಕ್ತದ ಸಕ್ಕರೆಯನ್ನೂ ಖರ್ಚು ಮಾಡುತ್ತದೆ, ಸೋತು ಹಾಲು ಬಿಡುತ್ತದೆ ಎಂಬುದೂ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ನಮ್ಮ ಕೋಣೆಯ ಜೋಡಣೆಯೇ ಮಗುವನ್ನು ತಣ್ಣಗಾಗಿಸುತ್ತಿತ್ತು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೀನಿನ ಮೂಳೆಯಂತಹ ನಕ್ಷೆ ಬರೆದು ಈ ಕಾರಣಗಳನ್ನು ಜೋಡಿಸಿದೆವು. ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಇಬ್ಬರು ಸಿಸ್ಟರ್‌ಗಳು ಮತ್ತು ನಮ್ಮ ಆಯಾಮ್ಮ ತಂಡದಲ್ಲಿದ್ದರು. ಒಂದು ಪಾಳಿ, ಒಬ್ಬ ಸಿಸ್ಟರ್, ಒಂದು ಹೆರಿಗೆ, ಇಷ್ಟರಲ್ಲಿಯೇ ಮೊದಲು ಮಾಡಿ ನೋಡುವುದೆಂದು ನಿಶ್ಚಯಿಸಿದೆವು. ಫ್ಯಾನ್ ಪೂರ್ತಿ ನಿಲ್ಲಿಸುವ ಮೊದಲ ಪ್ರಯತ್ನ ಅರ್ಧ ದಿನದಲ್ಲಿಯೇ ಬಿದ್ದುಹೋಯಿತು. ನೋವು ತಿನ್ನುತ್ತಿದ್ದ ತಾಯಂದಿರು ಬೆವರಿ ಕಂಗಾಲಾದರು, ಯಾರಾದರೊಬ್ಬರು ಸ್ವಿಚ್ ಹಾಕಿಯೇ ಬಿಡುತ್ತಿದ್ದರು. ಮಗುವಿನ ತಲೆ ಕಾಣಿಸಿಕೊಂಡಾಗ ನಿಲ್ಲಿಸಿ, ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಹೊದಿಸಿದ ಮೇಲೆ ಮತ್ತೆ ಹಾಕುವುದೆಂದು ಬದಲಿಸಿದಾಗ ಆ ಪದ್ಧತಿ ಉಳಿದುಕೊಂಡಿತು. ಎರಡು ಬಟ್ಟೆಗಳನ್ನು ದಾಖಲಾತಿಯ ಹೊತ್ತಿನಲ್ಲಿಯೇ ಕೇಳಿ ಒಳಗೆ ತೆಗೆದುಕೊಂಡೆವು. ತಾಯಿಯನ್ನು ಮೇಜಿಗೆ ಹತ್ತಿಸುವಾಗಲೇ ಬಟ್ಟೆಗಳನ್ನು ವಾರ್ಮರ್, ಅಂದರೆ ಮಗುವಿಗೆ ಮೇಲಿನಿಂದ ಶಾಖ ಕೊಡುವ ಯಂತ್ರದ ಕೆಳಗೆ ಇಟ್ಟರೆ ಬಿಸಿಯಾಗಿರುತ್ತವೆ ಎಂದು ಹೇಳಿದವರು ಆಯಾಮ್ಮ. ಇಪ್ಪತ್ತು ವರ್ಷ ಅದೇ ಕೋಣೆಯಲ್ಲಿ ದುಡಿದ ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ತೂಕ ನೋಡುವುದನ್ನು ಮೊದಲ ಒಂದು ಗಂಟೆ ಕಳೆದು ಎದೆಹಾಲು ಕುಡಿಸಿದ ನಂತರಕ್ಕೆ ಮುಂದೂಡಿದೆವು.

ಕಾಲಕ್ರಮದಲ್ಲಿ ಅಂಕಿಗಳ ಏರಿಳಿತವನ್ನು ಗೆರೆಯಾಗಿ ತೋರಿಸುವ, ಗೋಡೆಯ ಮೇಲೆ ಅಂಟಿಸಿದ ರನ್ ಚಾರ್ಟ್‌ನಲ್ಲಿ ಮೊದಲ ಎರಡು ವಾರ ತಣ್ಣಗಾದ ಮಕ್ಕಳ ಗೆರೆ ಮೇಲೇರಿತು. ಸರಿಯಾಗಿ ಅಳೆಯತೊಡಗಿದ್ದರಿಂದ ಹಾಗಾಗಿತ್ತು. ಆಡಳಿತ ವೈದ್ಯಾಧಿಕಾರಿಗಳು ಅದನ್ನು ನೋಡಿ ಯಾರನ್ನೂ ಗದರಿಸದೆ, "ಬರೀತಾ ಹೋಗಿ, ನಾನು ಕೇಳೋದಿಲ್ಲ" ಎಂದದ್ದು ನಮಗೆ ದೊಡ್ಡ ಬಲವಾಯಿತು. ಆ ದಿನ ಒಂದು ಬಿರುಮಾತು ಬಂದಿದ್ದರೆ ಮರುದಿನದಿಂದ ಎಲ್ಲ ಮಕ್ಕಳೂ ಕಾಗದದ ಮೇಲೆ 36.8 ಆಗಿಬಿಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಗೆರೆ ಇಳಿದು, ಇಳಿದಲ್ಲಿಯೇ ನಿಂತಿತು.

ಇದನ್ನು ಇತರ ಆಸ್ಪತ್ರೆಗಳಿಗೆ ಹೇಳಬೇಕೆಂಬ ಉತ್ಸಾಹದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ಜಿಲ್ಲಾ ಸಭೆಯೊಂದರಲ್ಲಿ ಹನ್ನೆರಡು ಸ್ಲೈಡ್‌ಗಳಲ್ಲಿ ಗೆಲುವನ್ನಷ್ಟೇ ತೋರಿಸಿದೆ, ಚಪ್ಪಾಳೆಯಾಯಿತು, ಪಕ್ಕದ ತಾಲ್ಲೂಕಿನ ಸಿಸ್ಟರ್ ಒಬ್ಬರು ನಾವು ಮಾಡಿಕೊಂಡ ಬದಲಾವಣೆಗಳ ಪಟ್ಟಿಯ ಫೋಟೊ ತೆಗೆದುಕೊಂಡು ಹೋದರು. ಎರಡು ತಿಂಗಳ ನಂತರ ಅವರೇ ಫೋನ್ ಮಾಡಿ, "ಅಕ್ಕಾ, ನಿಮ್ಮ ಪಟ್ಟಿ ಗೋಡೆಗೆ ಹಾಕಿದೀವಿ, ಏನೂ ಬದಲಾಗಿಲ್ಲ" ಎಂದರು. ರಜೆಯ ದಿನ ಅಲ್ಲಿಗೆ ಹೋಗಿ ಒಂದು ರಾತ್ರಿ ಪಾಳಿ ಅವರ ಜೊತೆಯಲ್ಲಿಯೇ ಕಳೆದೆ. ಅವರ ಮೇಜಿನ ಮೇಲೆ ಫ್ಯಾನೇ ಇರಲಿಲ್ಲ, ತೂಕದ ಯಂತ್ರ ಕೈಗೆಟಕುವಂತಿತ್ತು, ಎರಡು ಬಟ್ಟೆಗಳೂ ಸಿದ್ಧವಾಗಿದ್ದವು. ಆದರೆ ಆ ಬಟ್ಟೆಗಳನ್ನು ಕೈಯಲ್ಲಿ ಹಿಡಿದಾಗ ತೇವ ತಾಗಿತು. ಜುಲೈ ತಿಂಗಳ ಮಳೆಯಲ್ಲಿ ಮನೆಯವರ ಬಟ್ಟೆಯೂ ಒಣಗಿರಲಿಲ್ಲ, ಆಸ್ಪತ್ರೆಯ ಬಟ್ಟೆಯೂ ಒಣಗಿರಲಿಲ್ಲ. ಅವರ ಏಕೈಕ ವಾರ್ಮರ್ ಇದ್ದದ್ದು ಬೇರೆ ಕೋಣೆಯಲ್ಲಿ. ನಮ್ಮ ಪಟ್ಟಿಯ ಒಂದು ಸಾಲೂ ಅವರ ತೊಂದರೆಯನ್ನು ಮುಟ್ಟುವಂತಿರಲಿಲ್ಲ. ಬೆಳಗಿನ ಜಾವ ನಾವಿಬ್ಬರೂ ಕುಳಿತು ಅವರ ಕೋಣೆಗೆ ಅವರದೇ ನಕ್ಷೆ ಬರೆದೆವು. ಬಟ್ಟೆಗಳಿಗೆ ಇಸ್ತ್ರಿ ಹಾಕಿ ಮುಚ್ಚಳದ ಡಬ್ಬದಲ್ಲಿ ಇಡುವುದು ಅವರದೇ ಯೋಚನೆ, ಅದು ನಡೆಯಿತು.

ಅದೇ ರಾತ್ರಿ ನಾನೂ ಒಂದನ್ನು ಕಲಿತು ಬಂದೆ. ಅಲ್ಲಿ ಹೊಲಿಗೆ ಹಾಕುವಾಗಲೂ ಮಗು ತಾಯಿಯ ಎದೆಯ ಮೇಲೆಯೇ ಇರುತ್ತಿತ್ತು, ಜೊತೆಗೆ ಬಂದ ಹೆಂಗಸು ಪಕ್ಕದಲ್ಲಿ ನಿಂತು ಮಗುವಿಗೆ ಕೈ ಆಸರೆ ಕೊಡುತ್ತಿದ್ದರು. ನಾವು ಆ ಹೊತ್ತಿನಲ್ಲಿ ಮಗುವನ್ನು ವಾರ್ಮರ್‌ಗೆ ಒಯ್ಯುತ್ತಲೇ ಇದ್ದೆವು.

ಪಟ್ಟಿಯೊಂದನ್ನು ಕಳಿಸುವುದಕ್ಕೂ ಪಕ್ಕದಲ್ಲಿ ನಿಂತು ಮಾಡುವುದಕ್ಕೂ ಎಷ್ಟು ಅಂತರವಿದೆ ಎಂಬುದು ದೊಡ್ಡ ಅಧ್ಯಯನಗಳಲ್ಲಿಯೂ ಕಂಡಿದೆ. ಹೆರಿಗೆಯ ವೇಳೆ ತಪ್ಪದೆ ಮಾಡಬೇಕಾದ ಕ್ರಮಗಳನ್ನು ನೆನಪಿಸುವ, ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಮೊದಮೊದಲು ಪರೀಕ್ಷಿಸಿದ ಜಾಗಗಳಲ್ಲಿ ನಮ್ಮ ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರವಿತ್ತು. ಅಲ್ಲಿ 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದದ್ದು 25ಕ್ಕೆ ಏರಿತ್ತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ತರಬೇತಾದ ಮಾರ್ಗದರ್ಶಕರ ನೆರವಿನೊಂದಿಗೆ ಅಳವಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರ್ಗದರ್ಶನ ಆರಂಭವಾದ ಎರಡು ತಿಂಗಳಲ್ಲಿ ಶೇ 73ರಷ್ಟು ಕ್ರಮಗಳು ನಡೆದರೆ, ಮಾರ್ಗದರ್ಶನ ಮುಗಿದ ನಂತರ, ಹನ್ನೆರಡನೆಯ ತಿಂಗಳಲ್ಲಿ ಅದು ಶೇ 62ಕ್ಕೆ ಇಳಿದಿತ್ತು. ತಾಯಿ ಮಕ್ಕಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವೂ ಕಾಣಲಿಲ್ಲ. ಇದನ್ನು ಓದಿ ನಾನು ಎದೆಗುಂದಲಿಲ್ಲ. ಔಷಧಿ, ರಕ್ತ, ನುರಿತ ಕೈಗಳು, ಸಕಾಲಕ್ಕೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಇವೆಲ್ಲ ಇಲ್ಲದೆ ಪಟ್ಟಿಯೊಂದೇ ಜೀವ ಉಳಿಸಲಾರದು ಎಂಬುದನ್ನು ಹೆರಿಗೆ ಕೋಣೆಯಲ್ಲಿ ದುಡಿಯುವವರು ದಿನವೂ ನೋಡುತ್ತಾರೆ. ಮಾರ್ಗದರ್ಶಕರು ಹೊರಟುಹೋದ ಮೇಲೆ ಏನಾಯಿತು ಎಂಬುದು ಮಾತ್ರ ನನ್ನನ್ನು ಬಹಳ ಕಾಡಿತು, ಏಕೆಂದರೆ ನಾನೂ ಒಂದೇ ರಾತ್ರಿ ಇದ್ದು ಬಂದವಳು.

ಹಾಗಾಗಿ ಈಗ ನಮ್ಮ ಕ್ರಮ ಬದಲಾಗಿದೆ. ಯಾರಾದರೂ ನಮ್ಮ ಕೆಲಸ ನೋಡಬೇಕೆಂದರೆ, ಮೊದಲು ಅವರ ಆಸ್ಪತ್ರೆಯಲ್ಲಿ ಒಂದು ವಾರ ಪ್ರತಿ ಮಗುವಿನ ತಾಪಮಾನ ಅಳೆದು ಬರೆದುಕೊಂಡು ಬರಲು ಕೇಳಿಕೊಳ್ಳುತ್ತೇವೆ. ಬಂದವರಿಗೆ ಗೋಡೆಯ ಚಾರ್ಟ್‌ಗಿಂತ ಮುಂಚೆ, ಫ್ಯಾನಿನ ಕಥೆಯೂ ಸೇರಿದಂತೆ, ಬಿದ್ದುಹೋದ ಪ್ರಯತ್ನಗಳ ನೋಟ್‌ಪುಸ್ತಕವನ್ನು ಕೊಡುತ್ತೇವೆ. ವೈದ್ಯರೊಬ್ಬರೇ ಬಂದರೆ ಸಾಲದು, ಒಬ್ಬ ಸಿಸ್ಟರ್ ಮತ್ತು ಸಾಧ್ಯವಾದರೆ ಒಬ್ಬ ಆಯಾ ಜೊತೆಗಿರಬೇಕೆಂದು ಮೊದಲೇ ತಿಳಿಸುತ್ತೇವೆ. ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಚಾರ್ಟಿನ ಚಿತ್ರ ವಾಟ್ಸಾಪ್‌ನಲ್ಲಿ ವಿನಿಮಯವಾಗುತ್ತದೆ. ಅದರಲ್ಲಿ ತಾಯಿಯ ಹೆಸರಾಗಲಿ, ಪಾಳಿಯಲ್ಲಿದ್ದ ಸಿಸ್ಟರ್ ಹೆಸರಾಗಲಿ ಇರಕೂಡದು ಎಂಬುದೊಂದೇ ಷರತ್ತು.

ವರ್ಗಾವಣೆ ಈ ಕೆಲಸಕ್ಕೆ ದೊಡ್ಡ ಪೆಟ್ಟು. ನಮ್ಮ ತಂಡದ ಇಬ್ಬರು ಹೋದಾಗ ಗೆರೆ ಮತ್ತೆ ಏರಿತು. ಹೊಸಬರನ್ನು ಮೊದಲ ಮೂರು ಹೆರಿಗೆಗಳಿಗೆ ಹಳಬರ ಜೊತೆ ನಿಲ್ಲಿಸುವ ಪದ್ಧತಿಯನ್ನು ಆಗ ಮಾಡಿಕೊಂಡೆವು, ಬಟ್ಟೆ ಬಿಸಿಮಾಡುವ ಪಾಠವನ್ನು ಆಯಾಮ್ಮನೇ ಹೇಳಿಕೊಡುತ್ತಾರೆ. ಪಕ್ಕದ ತಾಲ್ಲೂಕಿನ ಸಿಸ್ಟರ್ ಕಳೆದ ವಾರ ಕಳಿಸಿದ ಚಾರ್ಟ್‌ನಲ್ಲಿ ರಾತ್ರಿ ಪಾಳಿಯ ಚುಕ್ಕಿಗಳು ಮಾತ್ರ ಮೇಲಕ್ಕೆ ಹೋಗಿವೆ, ಕಾರಣ ಅವರಿಗೂ ಹೊಳೆಯುತ್ತಿಲ್ಲ. ಬರುವ ಶನಿವಾರ ರಾತ್ರಿ ನಾನು ಅಲ್ಲಿರುತ್ತೇನೆ, ಈ ಸಲ ಆಯಾಮ್ಮನೂ ಜೊತೆಗೆ ಬರುತ್ತಿದ್ದಾರೆ.